ಏಳು ತೂತಿನ ತಗಡು, ಒಂದಿಷ್ಟು ಥ್ಯಾಂಕ್ಸ್

ವೈವಾ ಮುಗಿಯಿತು, ತಿದ್ದುಪಡಿಗೂ ಒಪ್ಪಿಗೆ ಸಿಕ್ಕಿತು. ಥೀಸಿಸ್‌ನ ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಥ್ಯಾಂಕ್ಸ್ ಅರ್ಧ ಜನಕ್ಕೆ ತಲುಪೋದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಡಿಗ್ರಿ ಕಾಲೇಜಿನ ಫಿಸಿಕ್ಸ್ ಮೇಷ್ಟ್ರಿಗೆ. ಗೌರಿಬಿದನೂರಿನ ಬಯಲಲ್ಲಿ ಟಿ ಅಕ್ಷರದ ಆಕಾರದಲ್ಲಿ ನಿಂತ ಆಂಟೆನಾ ಸಾಲು ತೋರಿಸಿದ್ದು ಅವರೇ. 1997ರಿಂದ ಅದು ರೇಡಿಯೊ ಅಲೆಗಳಲ್ಲಿ ಸೂರ್ಯನ ಕರೋನಾ, ಅಂದರೆ ಹೊರ ವಾತಾವರಣ, ನೋಡುತ್ತಿದೆ. "ದೊಡ್ಡ ಡಿಶ್ ಎಲ್ಲಿ ಸರ್?" ಅಂತ ಕೇಳಿದೆ. "ಬೇಕಿಲ್ಲಮ್ಮ, ಚಿಕ್ಕವನ್ನೇ ದೂರ ದೂರ ನಿಲ್ಲಿಸಿ ಜೋಡಿ ಜೋಡಿಯಾಗಿ ಹೋಲಿಸಿದರೆ ಸಾಕು" ಅಂದರು.

ನಾನು ಮಾತ್ರ ಆಕಾಶ ಬಿಟ್ಟು ಸಿಂಕ್ರೋಟ್ರಾನ್ ಕಡೆ ಹೋದೆ, ಅಂದರೆ ಎಲೆಕ್ಟ್ರಾನ್ ಸುತ್ತಿಸಿ ಬೆಳಕು ಹೊರಡಿಸುವ ಯಂತ್ರದ ಕಡೆ. ಉಂಗುರದೊಳಗೆ ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲಿ ಸುತ್ತುವ ಎಲೆಕ್ಟ್ರಾನ್ ಗುಂಪು ಎಷ್ಟು ದಪ್ಪ ಅಂತ ಅಳೆಯೋದು ನನ್ನ ಕೆಲಸ. ಬರೀ ಹತ್ತಾರು ಮೈಕ್ರೋಮೀಟರ್. ಅದು ಸೂಸುವ ಬೆಳಕನ್ನು ತೂತುಗಳಿರುವ ತಗಡಿನ ಮೂಲಕ ಹಾಯಿಸಿ, ಮೂಡುವ ಪಟ್ಟೆಗಳನ್ನು ನೋಡುತ್ತೇವೆ. ಗುಂಪು ದಪ್ಪ ಇದ್ದಷ್ಟೂ ಪಟ್ಟೆ ಮಂಕು. 1920ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಮೈಕೆಲ್‌ಸನ್ ಮತ್ತು ಪೀಸ್ ಆರಿದ್ರಾ ನಕ್ಷತ್ರದ ಗಾತ್ರ ಅಳೆದದ್ದೂ ಹೀಗೇ. 1990ರ ದಶಕದಲ್ಲಿ ಜಪಾನಿನ ಕೆಇಕೆ ಪ್ರಯೋಗಾಲಯದ ಮಿತ್ಸುಹಾಶಿ ಇದನ್ನು ಸಿಂಕ್ರೋಟ್ರಾನಿಗೆ ತಂದರು. ಈಚೆಗೆ ಬಾರ್ಸಿಲೋನಾ ಹತ್ತಿರದ ಆಲ್ಬಾ ಸಿಂಕ್ರೋಟ್ರಾನಿನಲ್ಲಿ ರೇಡಿಯೊ ಖಗೋಳದವರೂ ಕೈಜೋಡಿಸಿ, ಎರಡು ತೂತನ್ನು ಏಳರವರೆಗೆ ಏರಿಸಿದರು. ಅಗಲ, ಎತ್ತರ, ಓರೆ ಎಲ್ಲ ಒಂದೇ ಏಟಿಗೆ ಸಿಗುತ್ತದೆ.

ಆದರೆ ನನ್ನನ್ನು ನಿಜವಾಗಿ ಕಾಪಾಡಿದ್ದು ರೇಡಿಯೊ ಖಗೋಳ ವಿಜ್ಞಾನಿ ರೋಜರ್ ಜೆನ್ನಿಸನ್ 1958ರಲ್ಲಿ ಬರೆದಿಟ್ಟ ಉಪಾಯ. ಮೂರು ಆಂಟೆನಾಗಳ ತ್ರಿಕೋನದ ಸುತ್ತ ಫೇಸ್ (ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಅನ್ನೋ ಲೆಕ್ಕ) ಕೂಡಿಸುತ್ತಾ ಬಂದರೆ, ಪ್ರತಿ ಆಂಟೆನಾದ ದೋಷ ಒಮ್ಮೆ ಕೂಡಿ ಒಮ್ಮೆ ಕಳೆದು ಸೊನ್ನೆಯಾಗುತ್ತದೆ. ಆಂಟೆನಾ ಬದಲು ತೂತು ಅಂದುಕೊಳ್ಳಿ, ಲೆಕ್ಕ ಅದೇ. ಇವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು.

ತಗಡು ಮಾಡಿಕೊಟ್ಟ ಪೀಣ್ಯದ ವರ್ಕ್‌ಶಾಪ್ ಅಣ್ಣನಿಗೆ ಸಾಷ್ಟಾಂಗ. ನಕ್ಷೆ ನೋಡಿದವರೇ, "ಇದೇನ್ ಮೇಡಂ ಹಿಂಗ್ ಚೆಲ್ಲಾಪಿಲ್ಲಿ? ಸಾಲಾಗಿ ಹಾಕಿದ್ರೆ ಚೆಂದ ಅಲ್ವಾ?" ಅಂದರು. ಎರಡು ಜೋಡಿ ತೂತುಗಳ ಅಂತರವೂ ದಿಕ್ಕೂ ಒಂದೇ ಆದರೆ ಪಟ್ಟೆಗಳು ಒಂದರ ಮೇಲೊಂದು ಬಿದ್ದು, ಯಾವುದು ಯಾರದ್ದು ಅಂತ ತಿಳಿಯೋದಿಲ್ಲ ಅಂದೆ. ಹೂಂ ಅಂದರು. ಕೊರೆದಾದ ಮೇಲೆ ಅಂಚಿನಲ್ಲಿ ಉಳಿದ ಚೂಪು ಸಿಬಿರನ್ನು (ಬರ್) ಎಮರಿ ಪೇಪರಿನಿಂದ ಉಜ್ಜಿದರು. ಉಗುರಿನಿಂದ ಸವರಿ ನೋಡಿದರು. ಸಮಾಧಾನ ಆಗದೆ ಮತ್ತೆ ಉಜ್ಜಿದರು.

ರಾತ್ರಿ ಪಾಳಿಯ ಕಂಟ್ರೋಲ್ ರೂಮಿನವರಿಗೂ ಥ್ಯಾಂಕ್ಸ್. ಸಿಕ್ಕ ಬೀಮ್‌ಟೈಮ್, ಅಂದರೆ ಪ್ರಯೋಗಕ್ಕೆ ಮಷಿನ್ ಸಿಗುವ ಹೊತ್ತು, ಕೈತಪ್ಪಿ ಅಳುಮೋರೆ ಹಾಕ್ಕೊಂಡು ಕೂತಿದ್ದಾಗ, ಮಷಿನ್ ಪರೀಕ್ಷೆಯ ಹೊತ್ತಿನಲ್ಲೇ ನನಗೂ ಜಾಗ ಮಾಡಿಕೊಟ್ಟರು. ಗುಂಪಿನ ಎತ್ತರ ಹೆಚ್ಚುಕಮ್ಮಿ ಮಾಡಬಲ್ಲ ಸ್ಕ್ಯೂ ಕ್ವಾಡ್ರುಪೋಲ್ ಅನ್ನೋ ಮ್ಯಾಗ್ನೆಟ್‌ನ ಕರೆಂಟನ್ನು ಅವರು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋದರು. ನನ್ನ ಸ್ಕ್ರೀನಿನಲ್ಲಿ ಎಲೆಕ್ಟ್ರಾನ್ ಗುಂಪು ಮೇಲೆ ಕೆಳಗೆ ಊದುತ್ತಾ ಬಂತು. ಅಳತೆ ಸರಿ ಇದೆ ಅಂತ ನಂಬಿಕೆ ಬಂದದ್ದು ಆಗಲೇ.

ಅಧ್ಯಾಯಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಮುಳುಗಿಸಿದ ಗೈಡ್‌ಗೆ, ಫೋನ್ ಮಾಡಿದಾಗಲೆಲ್ಲ "ನಿನ್ ತೂತಿನ ಕೆಲಸ ಎಲ್ಲೀಗ್ ಬಂತು?" ಅಂತ ಕೇಳಿದ ಅಮ್ಮನಿಗೆ ಏನು ಹೇಳಿದರೂ ಕಮ್ಮಿಯೇ.

ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತೇನೆ. ಪೀಣ್ಯಕ್ಕೆ ಮೈಸೂರ್ ಪಾಕ್ ತರುತ್ತೇನೆ. ಜೊತೆಗೆ ಇನ್ನೊಂದು ತಗಡಿನ ನಕ್ಷೆಯೂ ಇದೆ ಅಣ್ಣ, ಬೈಕೋಬೇಡಿ.