ಮೊದಲು ಚೀಟಿ, ಆಮೇಲೆ ಚರ್ಚೆ

ಪ್ರಿಯ ಓದುಗರೇ,

ರಾಜ್ಯೋತ್ಸವದ ಊಟಕ್ಕೆ ಎಷ್ಟು ಜನ ಬರಬಹುದು? ಪ್ರತಿ ವರ್ಷ ನಮ್ಮ ಸಮಿತಿಯ ಮುಂದೆ ಈ ಪ್ರಶ್ನೆ ಬರುತ್ತದೆ. ಕಡಿಮೆ ಹೇಳಿದರೆ ಕೊನೆಗೆ ಬಂದವರಿಗೆ ಬಿಸಿಬೇಳೆಬಾತ್ ಉಳಿಯುವುದಿಲ್ಲ. ಜಾಸ್ತಿ ಹೇಳಿದರೆ ಸಂಘದ ದುಡ್ಡು ದಂಡ.

ಸಭೆಯಲ್ಲಿ ಇದು ತೀರ್ಮಾನವಾಗುವ ರೀತಿ ನಿಮಗೂ ಗೊತ್ತು. ಹಿರಿಯರೊಬ್ಬರು "ಒಂದು ಮುನ್ನೂರು ಆಗಬಹುದು" ಅನ್ನುತ್ತಾರೆ. ಪಕ್ಕದವರು "ಮುನ್ನೂರಿಪ್ಪತ್ತು ಅಂತ ಇಟ್ಕೊಳ್ಳಿ" ಅನ್ನುತ್ತಾರೆ. ಐದು ನಿಮಿಷದಲ್ಲಿ ಎಲ್ಲರೂ ಮುನ್ನೂರರ ಆಸುಪಾಸಿಗೆ ಬಂದು ನಿಲ್ಲುತ್ತಾರೆ. ಹನ್ನೆರಡು ಜನ ಕೂತಿದ್ದರೂ ನಮಗೆ ಸಿಗುವುದು ಒಬ್ಬರ ಅಂದಾಜು ಮಾತ್ರ. ಉಳಿದವರಿಗೆ ಗೊತ್ತಿದ್ದದ್ದು ಅವರವರಲ್ಲೇ ಉಳಿದುಬಿಡುತ್ತದೆ. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ.

ನಾವಿರುವ ಇದೇ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1906ರಲ್ಲಿ ಒಂದು ದನಗಳ ಪ್ರದರ್ಶನ ನಡೆಯಿತು. ಅಲ್ಲಿ ಕೊಬ್ಬಿದ ಎತ್ತೊಂದನ್ನು ನಿಲ್ಲಿಸಿ, ಅದನ್ನು ಕಡಿದು ಹಸನು ಮಾಡಿದ ಮೇಲೆ ಎಷ್ಟು ತೂಗುತ್ತದೆ ಎಂದು ಊಹಿಸುವ ಸ್ಪರ್ಧೆ ಇಟ್ಟಿದ್ದರು. ಚೀಟಿಗೆ ಆರು ಪೆನ್ಸ್. ಬರೆದವರಲ್ಲಿ ಕಟುಕರು, ರೈತರು ಇದ್ದರು. ದನದ ವಿಷಯ ಏನೂ ಗೊತ್ತಿಲ್ಲದವರೂ ಇದ್ದರು. ಆಮೇಲೆ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳನ್ನು ತರಿಸಿಕೊಂಡರು. ಓದಲು ಬರುವಂತಿದ್ದ 787 ಚೀಟಿಗಳನ್ನು ಸಣ್ಣ ಸಂಖ್ಯೆಯಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ನಟ್ಟನಡುವಿನ ಸಂಖ್ಯೆ ಯಾವುದೆಂದು ನೋಡಿದರು. ಅದು 1207 ಪೌಂಡ್. ನಿಜವಾದ ತೂಕ 1198 ಪೌಂಡ್. ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ! 1907ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಇದನ್ನು ಬರೆದರು.

ಈ ಗಾಲ್ಟನ್ ಜನಸಾಮಾನ್ಯರ ಪರ ಇದ್ದವರೇನೂ ಅಲ್ಲ. 'ಯುಜೆನಿಕ್ಸ್' ಎಂಬ ಹೆಸರನ್ನು ಹುಟ್ಟುಹಾಕಿ, ಒಳ್ಳೆಯ ತಳಿಯ ಮನುಷ್ಯರನ್ನು ಬೆಳೆಸಬೇಕೆಂದು ವಾದಿಸಿದವರು. ಆ ವಾದ ಮುಂದೆ ಎಂಥ ಅನಾಹುತಕ್ಕೆ ದಾರಿ ಮಾಡಿತು ಎಂಬುದನ್ನು ಮರೆಯಬಾರದು. ಅಂಥವರೇ ಎಲ್ಲರ ಚೀಟಿಗಳನ್ನೂ ಎಣಿಸಿ, ಜನರ ಒಟ್ಟು ತೀರ್ಪನ್ನು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ನಂಬಬಹುದು ಎಂದು ಒಪ್ಪಿಕೊಂಡರು.

ಅದು ಸಾಧ್ಯವಾದದ್ದು ಹೇಗೆ? ಕೆಲವರು ಜಾಸ್ತಿ ಬರೆದರು, ಕೆಲವರು ಕಡಿಮೆ ಬರೆದರು. ಎರಡೂ ಕಡೆಯ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದವು. ಆದರೆ ಹೀಗಾಗಬೇಕಾದರೆ ಪ್ರತಿಯೊಬ್ಬರೂ ತಮ್ಮ ಲೆಕ್ಕವನ್ನೇ ಬರೆಯಬೇಕು, ಪಕ್ಕದವರದ್ದನ್ನಲ್ಲ. ಇದನ್ನು ಪರೀಕ್ಷಿಸಿದ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 144 ವಿದ್ಯಾರ್ಥಿಗಳಿಗೆ ಇಟಲಿಯೊಂದಿಗೆ ಆ ದೇಶದ ಗಡಿಯ ಉದ್ದ, ಅಲ್ಲಿನ ಜನಸಾಂದ್ರತೆ ಮುಂತಾದವನ್ನು ಊಹಿಸಲು ಹೇಳಿದರು. ಕೆಲವರಿಗೆ ಮಿಕ್ಕವರ ಉತ್ತರಗಳನ್ನು ತೋರಿಸಿ ಮತ್ತೆ ಕೇಳಿದರು. ಉತ್ತರಗಳು ಹತ್ತಿರ ಹತ್ತಿರ ಬಂದವು, ತಮ್ಮ ಉತ್ತರ ಸರಿ ಎಂಬ ಧೈರ್ಯವೂ ಹೆಚ್ಚಿತು. ಗುಂಪಿನ ಉತ್ತರ ಮಾತ್ರ ಸುಧಾರಿಸಲಿಲ್ಲ. ನಮ್ಮ ಸಭೆಗಳಲ್ಲಿ "ಎಲ್ಲರೂ ಒಪ್ಪಿದರು" ಎಂದು ಖುಷಿಪಡುವಾಗ ನನಗೆ ನೆನಪಾಗುವುದು ಇದೇ.

ನಮ್ಮಲ್ಲಿ ಇದು ಇನ್ನೂ ಕಷ್ಟ. ಹಿರಿಯರು ಮಾತಾಡಿದ ಮೇಲೆ ಎದುರು ಹೇಳಬಾರದು ಅಂತ ಬೆಳೆದವರು ನಾವು. ಆ ಗೌರವ ಇರಲಿ, ನನಗೂ ಅದು ಬೇಕು. ಸುಮಾರು 1800 ವರ್ಷಗಳ ಹಿಂದೆ ಬರಹಕ್ಕೆ ಬಂದ ಯಹೂದಿಗಳ 'ಮಿಶ್ನಾ' ಎಂಬ ಧರ್ಮಶಾಸ್ತ್ರ ಗ್ರಂಥದಲ್ಲಿ ಇದಕ್ಕೊಂದು ದಾರಿ ಇದೆ. ಮರಣದಂಡನೆಯ ಮೊಕದ್ದಮೆಗಳಲ್ಲಿ ನ್ಯಾಯಾಧೀಶರು ಅಭಿಪ್ರಾಯ ಹೇಳುವಾಗ ಅಂಚಿನಲ್ಲಿ ಕೂತ ಕಿರಿಯರಿಂದ ಶುರು ಮಾಡಬೇಕಿತ್ತು. ಹಿರಿಯರ ಸರದಿ ಕೊನೆಗೆ. ಜೀವದ ಪ್ರಶ್ನೆ ಬಂದಾಗ ಅವರು ಅಷ್ಟು ಎಚ್ಚರ ವಹಿಸಿದ್ದರು.

ಸಂಘ ಸಂಸ್ಥೆಗಳ ಬಗ್ಗೆ ಗಾಲ್ಟನ್ ಇನ್ನೊಂದು ಮಾತು ಬರೆದಿದ್ದಾರೆ. ಒಂದು ಕೆಲಸಕ್ಕೆ ಎಷ್ಟು ಹಣ ಇಡಬೇಕೆಂದು ಸಮಿತಿ ತೀರ್ಮಾನಿಸುವಾಗ ಸರಾಸರಿ ತೆಗೆಯಬೇಡಿ, ನಡುವಿನ ಸಂಖ್ಯೆ ಹಿಡಿಯಿರಿ ಎಂದರು. ಕಾರಣ ಸರಳ. ಏಳು ಜನ 250, 280, 300, 300, 320, 350, 1000 ಎಂದು ಬರೆದರು ಅನ್ನಿ. ಸರಾಸರಿ 400. ಕೊನೆಯ ಒಬ್ಬರೇ ಎಲ್ಲರನ್ನೂ ಎಳೆದುಕೊಂಡು ಹೋದರು. ನಡುವಿನ ಸಂಖ್ಯೆ 300. ಅವರು ಒಂದು ಸಾವಿರದ ಬದಲು ಹತ್ತು ಸಾವಿರ ಬರೆದರೂ ಅದು ಅಲ್ಲಾಡುವುದಿಲ್ಲ.

ಹಾಗಂತ ಚೀಟಿ ತೆರೆದ ಕೂಡಲೇ ಎದ್ದು ಹೋಗುವುದಲ್ಲ. ಒಬ್ಬರು 180 ಅಂತ ಬರೆದಿದ್ದರೆ ಯಾಕೆ ಎಂದು ಕೇಳಬೇಕು. ಶಾಲೆಗಳ ಅಕ್ಟೋಬರ್ ರಜೆಗೆ ಎಷ್ಟೋ ಮನೆಯವರು ಊರಲ್ಲೇ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿರಬಹುದು. ಕಾರಣ ಕೇಳಿ, ಮಾತಾಡಿ, ಮತ್ತೊಮ್ಮೆ ಚೀಟಿ ಬರೆಯಬೇಕು. ಅಮೆರಿಕದ ರ‍್ಯಾಂಡ್ ಸಂಸ್ಥೆಯವರು 1950ರ ದಶಕದಲ್ಲಿ ರೂಪಿಸಿದ 'ಡೆಲ್ಫಿ' ವಿಧಾನವೂ ಹೆಚ್ಚುಕಮ್ಮಿ ಹೀಗೇ. ಹೆಸರಿಲ್ಲದೆ ಉತ್ತರ, ಕಾರಣಗಳ ವಿನಿಮಯ, ಮತ್ತೆ ಉತ್ತರ.

ಎಲ್ಲರ ತಪ್ಪೂ ಒಂದೇ ಕಡೆಗೆ ವಾಲಿದ್ದರೆ ಮಾತ್ರ ಎಷ್ಟು ಚೀಟಿ ಬರೆದರೂ ಪ್ರಯೋಜನವಿಲ್ಲ. ನಮ್ಮ ಸಮಿತಿಯಲ್ಲಿರುವ ಹೆಚ್ಚಿನವರು ಇಲ್ಲಿಗೆ ಬಂದು ಬಹಳ ವರ್ಷಗಳಾದವು. ಈಚೆಗೆ ಬಂದ ವಿದ್ಯಾರ್ಥಿಗಳು, ಆಸ್ಪತ್ರೆ ಕೆಲಸಕ್ಕೆ ಬಂದ ದಾದಿಯರು, ಹೊಸದಾಗಿ ಮದುವೆಯಾಗಿ ಬಂದವರು ಕಾರ್ಯಕ್ರಮಕ್ಕೆ ಬರುತ್ತಾರೋ ಇಲ್ಲವೋ ನಮಗೇನು ಗೊತ್ತು? ಅವರನ್ನೇ ಕೇಳಬೇಕು, ಅಲ್ವಾ? ಇನ್ನು ಮಕ್ಕಳ ನಾಟಕ ಪೂರ್ತಿ ಕನ್ನಡದಲ್ಲೇ ಇರಬೇಕೇ ಎಂಬಂಥ ಪ್ರಶ್ನೆಗೆ ನಡುವಿನ ಸಂಖ್ಯೆ ಎಂಬುದಿಲ್ಲ. ಅದನ್ನು ಎದುರುಬದುರು ಕೂತು ಮಾತಾಡಿಯೇ ಬಗೆಹರಿಸಬೇಕು.

ಆದ್ದರಿಂದ ಸಮಿತಿಗೆ ನನ್ನ ಕೋರಿಕೆ ಇಷ್ಟು. ಈ ಸಲ ಊಟದ ಲೆಕ್ಕ ಮತ್ತು ಹಾಲ್ ಬಾಡಿಗೆಗೆ ಇಡುವ ಹಣ, ಎರಡನ್ನೂ ಮಾತಿಗೆ ಮುಂಚೆ ಚೀಟಿಯಲ್ಲಿ ಬರೆಯೋಣ. ಅಧ್ಯಕ್ಷರು ಕೊನೆಗೆ ಮಾತಾಡಲಿ. ಸಮಿತಿಯಲ್ಲಿ ಇಲ್ಲದವರಿಗೂ, ಅದರಲ್ಲೂ ಹೊಸಬರಿಗೆ, ಒಂದು ಮಾತು: ನಿಮ್ಮ ಅಂದಾಜನ್ನು ಬರೆದು ಸಭೆಗೆ ಮುಂಚೆ ಕಾರ್ಯದರ್ಶಿಗಳಿಗೆ ತಲುಪಿಸಿ. ಹೆಸರು ಬೇಡ. ಪಕ್ಕದ ಮನೆಯವರನ್ನು ಕೇಳಿ ಬರೆಯುವುದೂ ಬೇಡ.