ಫೆಲಿನಿಯ ನಲವತ್ತು ನಿಮಿಷ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೋದ ಸಲ ಫೋನಿನಲ್ಲಿ ನೀನೊಂದು ಮಾತು ಹೇಳಿದೆ. ಆರ್ಟ್ ಸಿನಿಮಾದವರು ಹಾರರ್ ಮಾಡಿದರೆ ಚೆಂದದ ಫ್ರೇಮು ಸಿಗುತ್ತೆ, ಭಯ ಸಿಗಲ್ಲ ಅಂತ. ಆಗ ಒಪ್ಪಲೂ ಆಗಲಿಲ್ಲ, ಜಗಳ ಆಡಲೂ ಟೈಮ್ ಇರಲಿಲ್ಲ. ಈಗ ಸಾವಕಾಶವಾಗಿ ಬರೀತಿದ್ದೇನೆ.

1968ರಲ್ಲಿ ತೆರೆಕಂಡ ಒಂದೇ ಹಾರರ್ ಸಿನಿಮಾಕ್ಕೆ ಮೂವರು ಹೆಸರಾಂತ ನಿರ್ದೇಶಕರು ಕೈ ಹಾಕಿದ್ದರು. ಫ್ರಾನ್ಸಿನ ರೋಜೆ ವಾದಿಂ, ಲೂಯಿ ಮಾಲ್, ಇಟಲಿಯ ಫೆಡೆರಿಕೊ ಫೆಲಿನಿ. ಇಂಗ್ಲಿಷಿನಲ್ಲಿ ಅದರ ಹೆಸರು ‘ಸ್ಪಿರಿಟ್ಸ್ ಆಫ್ ದ ಡೆಡ್’. ಅಮೆರಿಕದ ಹಳೆಯ ಕಥೆಗಾರ ಎಡ್ಗರ್ ಅಲನ್ ಪೋನ ಮೂರು ಕಥೆ, ತಲೆಗೊಂದರಂತೆ. ಮೂರಕ್ಕೂ ನಟರು ಬೇರೆ, ಛಾಯಾಗ್ರಾಹಕರು ಬೇರೆ. ಹಾಗಾಗಿ ಯಾರ ಕೈಯಲ್ಲಿ ಭಯ ಹುಟ್ಟಿತು, ಯಾರ ಕೈಯಲ್ಲಿ ಹುಟ್ಟಲಿಲ್ಲ ಅನ್ನೋದು ಒಂದೇ ಕೂತಲ್ಲಿ ಗೊತ್ತಾಗಿಬಿಡುತ್ತದೆ.

ವಾದಿಂ ಭಾಗದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜೇನ್ ಫಾಂಡಾ ಇದ್ದಾಳೆ, ಕೋಟೆ ಇದೆ, ಕಪ್ಪು ಕುದುರೆ ಇದೆ, ಬಟ್ಟೆಬರೆ ಭರ್ಜರಿಯಾಗಿದೆ. ನಿನ್ನ ಮಾತು ಇಲ್ಲಿ ನೂರಕ್ಕೆ ನೂರು ನಿಜ.

ಮಾಲ್ ತೆಗೆದ ‘ವಿಲಿಯಂ ವಿಲ್ಸನ್’ ಇದಕ್ಕಿಂತ ಎಷ್ಟೋ ಮೇಲು. ಅಲೈನ್ ದೆಲಾನ್ ಒಬ್ಬ ಕ್ರೂರ ಸೈನ್ಯಾಧಿಕಾರಿ. ಕೆಟ್ಟದ್ದು ಮಾಡಲು ಹೊರಟಾಗಲೆಲ್ಲ ಅವನದೇ ಹೆಸರಿನ, ಅವನದೇ ಮುಖದ ಇನ್ನೊಬ್ಬ ಬಂದು ತಡೆಯುತ್ತಾನೆ. ಕಪ್ಪು ವಿಗ್ ಹಾಕಿದ ಬ್ರಿಜಿತ್ ಬಾರ್ದೊ ಜೊತೆ ಅವನು ಇಸ್ಪೀಟು ಆಡುವ ದೃಶ್ಯದಲ್ಲಿ ನಿಜವಾದ ಬಿಗಿ ಇದೆ. ಆದರೂ ಮಾಲ್ ಪೋನ ಕಥೆಯನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸುತ್ತಾನೆ. ಅದೇ 1968ರಲ್ಲಿ ಅವನು ಚಿಕ್ಕ ತಂಡ ಕಟ್ಟಿಕೊಂಡು ನಮ್ಮ ದೇಶದಲ್ಲಿ ತಿಂಗಳುಗಟ್ಟಲೆ ಸುತ್ತಿ ‘ಕಲ್ಕತ್ತಾ’, ‘ಫ್ಯಾಂಟಮ್ ಇಂಡಿಯಾ’ ಸಾಕ್ಷ್ಯಚಿತ್ರಗಳನ್ನು ಚಿತ್ರೀಕರಿಸಿದ. ಅಲ್ಲಿ ಅವನ ಕಣ್ಣು ಎಷ್ಟು ಬಿಡುಬೀಸಾಗಿ ಓಡಾಡುತ್ತದೆ ನೋಡು. ಇಲ್ಲಿ ಅದೇ ಕಣ್ಣನ್ನು ಯಾರೋ ಕಟ್ಟಿಹಾಕಿದಂತಿದೆ.

ಮೂರನೆಯದು ‘ಟೋಬಿ ಡ್ಯಾಮಿಟ್’. ನಾನು ಈ ಪತ್ರ ಬರೆಯೋಕೆ ಕೂತದ್ದೇ ಇದಕ್ಕಾಗಿ.

ಪೋನ ಮೂಲ ಕಥೆ 1841ರದು. ಟೋಬಿ ಅನ್ನುವವನಿಗೆ ಮಾತು ಮಾತಿಗೂ ಸೈತಾನನ ಜೊತೆ ತಲೆ ಪಣ ಕಟ್ಟುವ ಚಾಳಿ. ಒಂದು ಸೇತುವೆ, ಒಂದು ಜಿಗಿತ, ತಲೆ ಹೋಗುತ್ತದೆ. ಫೆಲಿನಿ ಅಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೈಬಿಟ್ಟ. ಅವನ ಟೋಬಿ ಕುಡಿತಕ್ಕೆ ಬಿದ್ದು ಹಾಳಾದ ಇಂಗ್ಲಿಷ್ ನಟ. ಪಾತ್ರ ಟೆರೆನ್ಸ್ ಸ್ಟಾಂಪ್‌ದು. ಏಸು ಮತ್ತೆ ಹುಟ್ಟಿ ಬರುವ ಒಂದು ಕೌಬಾಯ್ ಸಿನಿಮಾದಲ್ಲಿ ನಟಿಸಲು ರೋಮ್‌ಗೆ ಬಂದಿದ್ದಾನೆ. ಸಂಭಾವನೆ ಒಂದು ಫೆರಾರಿ ಕಾರು.

ಶುರುವಿನ ವಿಮಾನ ನಿಲ್ದಾಣವನ್ನೇ ನೋಡು. ಸಂಜೆಯೋ ಬೆಳಗೋ ತಿಳಿಯದ ಕಿತ್ತಳೆ ಬೆಳಕು. ಜನ ಇದ್ದಾರೆ, ಆದರೆ ಮುಖಗಳೆಲ್ಲ ಮೇಣದ ಗೊಂಬೆಗಳಂತೆ ಬಿಳಿಚಿಕೊಂಡಿವೆ. ಒಂದು ದೆವ್ವವೂ ಇಲ್ಲ. ಆದರೂ ಇವನು ಬದುಕಿರುವವರ ಊರಿಗೆ ಬಂದಿಲ್ಲ ಅಂತ ನಮಗೆ ಆಗಲೇ ಅನ್ನಿಸಿಬಿಡುತ್ತದೆ.

ಇದಕ್ಕೊಂದು ಹಿನ್ನೆಲೆ ಇದೆ. ಇದಕ್ಕೆ ಮುಂಚೆ ಫೆಲಿನಿ ‘ಮಾಸ್ಟೋರ್ನಾನ ಪ್ರಯಾಣ’ ಅನ್ನುವ ಸಿನಿಮಾ ಮಾಡಲು ಹೊರಟಿದ್ದ. ವಿಮಾನ ತುರ್ತಾಗಿ ಇಳಿಯುತ್ತದೆ, ಇಳಿದ ಸಂಗೀತಗಾರನಿಗೆ ತಾನು ಸತ್ತಿದ್ದೇನೆ ಅಂತ ನಿಧಾನಕ್ಕೆ ತಿಳಿಯುತ್ತದೆ. ಆ ಸಿನಿಮಾ ಕೊನೆಗೂ ಆಗಲೇ ಇಲ್ಲ. 1967ರಲ್ಲಿ ಫೆಲಿನಿಯೇ ಜೋರು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ. ಎದ್ದು ಬಂದ ಮೇಲೆ ತೆಗೆದದ್ದು ಇದನ್ನು. ಆ ಕಿತ್ತಳೆ ಬೆಳಕಿನಲ್ಲಿ ನನಗೆ ಕಾಣುವುದು ಅವನದೇ ಸಾವಿನ ಭಯ, ಪೋನದಲ್ಲ.

ಸಿನಿಮಾದಲ್ಲಿ ಟೋಬಿಯ ಟೀವಿ ಸಂದರ್ಶನವೂ ಹಾಗೇ. ದೇವರನ್ನು ನಂಬ್ತೀರಾ ಅಂತ ಕೇಳ್ತಾರೆ. ಇಲ್ಲ ಅಂತಾನೆ. ಸೈತಾನನನ್ನು? ಹೌದು. ಹೇಗಿರುತ್ತಾನೆ ಅಂದರೆ, ಪುಟ್ಟ ಹುಡುಗಿ ಥರ ಅಂತಾನೆ. ಆ ಹುಡುಗಿಯನ್ನು ನಾವೂ ನೋಡುತ್ತೇವೆ: ಮುಖದ ಮೇಲೆ ಇಳಿಬಿದ್ದ ಕೂದಲು, ಸಣ್ಣ ನಗು, ಕೈಯಲ್ಲೊಂದು ಬಿಳಿ ಚೆಂಡು. ಕಿರುಚೋದಿಲ್ಲ, ಮೈಮೇಲೆ ಬೀಳೋದಿಲ್ಲ. ಆಟಕ್ಕೆ ಕರೆಯುತ್ತಾಳೆ, ಅಷ್ಟೇ. ನನಗೆ ಬೆನ್ನಲ್ಲಿ ಚಳಿ ಹುಟ್ಟಿದ್ದು ಅಲ್ಲಿ.

ನೀನು ಗಮನಿಸಬೇಕಾದ ಇನ್ನೊಂದು ವಿಷಯ. ಚೆಂಡು ಹಿಡಿದ ಇಂಥದ್ದೇ ಹುಡುಗಿ 1966ರಲ್ಲೇ ಮಾರಿಯೋ ಬಾವಾನ ‘ಕಿಲ್, ಬೇಬಿ, ಕಿಲ್’ ಚಿತ್ರದಲ್ಲಿ ಬಂದಿದ್ದಳು. ಬಾವಾ ಅಪ್ಪಟ ಹಾರರ್ ನಿರ್ದೇಶಕ, ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡುತ್ತಿದ್ದವನು. ಅಷ್ಟು ದೊಡ್ಡ ಫೆಲಿನಿಯ ಸಿನಿಮಾದಲ್ಲಿ ಅವನ ಹುಡುಗಿಗೇ ಜಾಗ ಸಿಕ್ಕಿದೆ. ಹಾರರ್ ಅಂದರೆ ಕೀಳು ಅಂದುಕೊಂಡಿದ್ದರೆ ಇದು ಆಗುತ್ತಿತ್ತಾ? ಹಾರರ್‌ನವರಿಂದ ಕಲಿಯಲು ಮನಸ್ಸಿರುವ, ಜೊತೆಗೆ ಎದೆಯಲ್ಲಿ ನಿಜವಾದ ಅಂಜಿಕೆ ಇರುವ ಆರ್ಟ್ ಸಿನಿಮಾದವನು ಭಯ ಹುಟ್ಟಿಸಬಲ್ಲ. ನಾನು ವಾದ ಮಾಡುತ್ತಿರುವುದು ಇಷ್ಟಕ್ಕೇ.

ಕೊನೆಯ ರಾತ್ರಿಯ ಫೆರಾರಿ ಓಟದ ಬಗ್ಗೆ ಏನೂ ಬರೆಯಲ್ಲ, ನೀನೇ ನೋಡಬೇಕು. ನೀನೋ ಸಹನೆ ಕಡಿಮೆಯವನು, ವಾದಿಂ ಭಾಗಕ್ಕೇ ಎದ್ದು ಹೋಗ್ತೀಯ. ಅದಕ್ಕೇ ನೇರ ಮೂರನೆಯದನ್ನೇ ಹಾಕು, ಸುಮಾರು ನಲವತ್ತು ನಿಮಿಷ ಅಷ್ಟೇ. ಕಿವಿಗೆ ಹೆಡ್‌ಫೋನ್ ಇರಲಿ, ನಿನೋ ರೋಟಾ ಸಂಗೀತ ತಪ್ಪಿಹೋಗಬಾರದು. ಆಮೇಲೆ ಮಾಲ್‌ದು ನೋಡು. ಅದರ ಬಗ್ಗೆ ನಾನು ಜಾಸ್ತಿ ನಿಷ್ಠುರವಾಗಿ ಬರೆದಿದ್ದೇನೆ ಅನ್ನಿಸಿದರೆ ಭಾನುವಾರ ಫೋನ್ ಮಾಡು, ಜಗಳ ಆಡೋಣ.

ನಿನ್ನ ಗೆಳೆಯ