ಬೆರಿಲ್ ಸುದ್ದಿ ಜುಲೈ 4ಕ್ಕೆ ಮುಗಿಯಲಿಲ್ಲ

ಸಂಪಾದಕರಿಗೆ ನಮಸ್ಕಾರ.

2024ರ ಜುಲೈ ಮೊದಲ ವಾರ ಬೆರಿಲ್ ಚಂಡಮಾರುತದ ಹೆಸರು ನಮ್ಮಲ್ಲಿ ಮನೆಮಾತಾಗಿತ್ತು. ಟಿ20 ವಿಶ್ವಕಪ್ ಗೆದ್ದ ನಮ್ಮ ತಂಡ ಬಾರ್ಬಡೋಸಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ರೋಹಿತ್, ಕೊಹ್ಲಿ, ನಮ್ಮ ದ್ರಾವಿಡ್ ಯಾವಾಗ ಬರ್ತಾರೆ, ವಿಶೇಷ ವಿಮಾನ ಯಾವಾಗ ಹೊರಡುತ್ತೆ ಅನ್ನೋದೇ ಎಲ್ಲರ ಮಾತು. ಜುಲೈ 4ಕ್ಕೆ ತಂಡ ದೆಹಲಿಗೆ ಬಂದಿಳಿಯಿತು. ಅಲ್ಲಿಗೆ ಬೆರಿಲ್ ಸುದ್ದಿಯೂ ಹೆಚ್ಚುಕಮ್ಮಿ ನಿಂತೇಹೋಯಿತು. ಆ ಸುದ್ದಿಯ ಉಳಿದ ಭಾಗವನ್ನು ಹೇಳಬೇಕು ಅಂತಲೇ ಈ ಪತ್ರ. ದಯವಿಟ್ಟು ಪ್ರಕಟಿಸಿ.

ನಮ್ಮ ಆಟಗಾರರು ಉಳಿದುಕೊಂಡಿದ್ದ ಬ್ರಿಜ್‌ಟೌನಿನ ಮೀನುಗಾರರ ಸುಮಾರು 200 ದೋಣಿಗಳು ಅದೇ ಬಿರುಗಾಳಿಗೆ ಜಖಂ ಆದವು. ಕೆಲವು ಮುಳುಗಿದವು. ಅಲ್ಲಿಂದ ಮುಂದಕ್ಕೆ ಸಾಗಿದ ಬೆರಿಲ್ ಜುಲೈ 1ರಂದು ಕ್ಯಾರಿಬಿಯನ್ ಸಮುದ್ರದ ಗ್ರೆನಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ಎಂಬ ಪುಟ್ಟ ದ್ವೀಪದ ಮೇಲೆ ಬಂತು. ಗಾಳಿಯ ವೇಗ ಗಂಟೆಗೆ ಸುಮಾರು 240 ಕಿಲೋಮೀಟರ್. ಅರ್ಧ ಗಂಟೆಯಲ್ಲಿ ದ್ವೀಪ ನೆಲಸಮವಾಯಿತು ಅಂತ ಪ್ರಧಾನಿ ಡಿಕನ್ ಮಿಚೆಲ್ ಅವರೇ ಹೇಳಿದರು. ಕ್ಯಾರಿಯಾಕೂ ಮತ್ತು ಪಕ್ಕದ ಪೆಟಿಟ್ ಮಾರ್ಟಿನಿಕ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಕಟ್ಟಡಗಳಿಗೆ ಪೆಟ್ಟಾಯಿತು. ಆಚೆ ಬದಿಯ ಯೂನಿಯನ್ ದ್ವೀಪ ಬೇರೆ ದೇಶದ್ದು, ಸೇಂಟ್ ವಿನ್ಸೆಂಟ್‌ನದ್ದು. ಅಲ್ಲಿಯೂ ಇದೇ ಕಥೆ.

ಗ್ರೆನಡಾ ಇಡೀ ದೇಶದ ಜನಸಂಖ್ಯೆ ಒಂದು ಲಕ್ಷದ ಚಿಲ್ಲರೆ. ನಮ್ಮ ಒಂದು ತಾಲ್ಲೂಕಿನಷ್ಟು ಜನ, ಅಷ್ಟೇ. ಇಂಥ ದೇಶಕ್ಕೆ ಒಂದು ಬಿರುಗಾಳಿ ಬಂದರೆ ನಷ್ಟ ಯಾವುದೋ ಒಂದು ಜಿಲ್ಲೆಗೆ ಅಂತ ಇರೋದಿಲ್ಲ, ಇಡೀ ದೇಶಕ್ಕೇ ಆಗುತ್ತದೆ. ಇಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನಿಂದ ದುಡ್ಡು, ಜನ, ಜೆಸಿಬಿ ಹೊರಡುತ್ತವೆ. ಅಲ್ಲಿ ಹೊರಡೋಕೆ ಇನ್ನೊಂದು ಊರೇ ಉಳಿದಿರೋದಿಲ್ಲ.

2004ರ ಸೆಪ್ಟೆಂಬರ್ 7ರಂದು ಇದೇ ಗ್ರೆನಡಾಕ್ಕೆ ಇವಾನ್ ಚಂಡಮಾರುತ ಹೊಡೆದಿತ್ತು. 39 ಜನ ಸತ್ತರು. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಹಾನಿ. ಆಗಿನ ಪ್ರಧಾನಿ ಕೀತ್ ಮಿಚೆಲ್ ಅವರ ಮನೆಯೂ ಉಳಿಯಲಿಲ್ಲ. ದೇಶ ಒಂದು ವರ್ಷದಲ್ಲಿ ದುಡಿಯುವುದರ ಎರಡು ಪಟ್ಟು ಒಂದೇ ದಿನದಲ್ಲಿ ಹೋಯಿತು. ನನ್ನನ್ನು ಜಾಸ್ತಿ ಕಾಡುವುದು ಅವರ ಜಾಯಿಕಾಯಿ ತೋಟಗಳು. ಗ್ರೆನಡಾದ ಬಾವುಟದ ಮೇಲೇ ಜಾಯಿಕಾಯಿ ಇದೆ. ಇಂಡೋನೇಷ್ಯಾ ಬಿಟ್ಟರೆ ಪ್ರಪಂಚದಲ್ಲಿ ಆಗ ಅವರೇ ಅತಿ ಹೆಚ್ಚು ಬೆಳೆಯುತ್ತಿದ್ದವರು. ಇವಾನ್ ಅವರ ಬಹುತೇಕ ಮರಗಳನ್ನು ಉರುಳಿಸಿಬಿಟ್ಟಿತು. ಇದರ ಅರ್ಥ ಏನು ಅಂತ ಅಡಿಕೆ ತೋಟದ ನಡುವೆ ನಾಲ್ಕು ಜಾಯಿಕಾಯಿ ಮರ ಇಟ್ಟುಕೊಂಡಿರುವ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಮರದ ಬೇರು ಮೇಲುಮೇಲೆಯೇ ಹರಡುತ್ತದೆ, ಆಳಕ್ಕೆ ಇಳಿಯುವುದಿಲ್ಲ, ಜೋರು ಗಾಳಿಗೆ ಬುಡಸಮೇತ ಮಗುಚಿಕೊಳ್ಳುತ್ತದೆ. ಬೀಜದಿಂದ ಎಬ್ಬಿಸಿದ ಗಿಡವಾದರೆ ಗಂಡೋ ಹೆಣ್ಣೋ ಅಂತ ಹೂ ಬಿಟ್ಟಾಗಲೇ ಗೊತ್ತಾಗೋದು, ಅದಕ್ಕೇ ಆರೇಳು ವರ್ಷ ಬೇಕು. ಗಂಡಾದರೆ ಅಷ್ಟು ವರ್ಷ ಗೊಬ್ಬರ ಹಾಕಿ ಸಾಕಿದ್ದು ಸುಮ್ನೆ. ಒಳ್ಳೆ ಫಸಲು ಕೈಗೆ ಬರೋಕೆ ಹದಿನೈದು ವರ್ಷ ದಾಟುತ್ತದೆ. ಅಲ್ಲಿಯವರೆಗೆ ಆ ಸಂಸಾರ ಏನು ತಿನ್ನಬೇಕು ಹೇಳಿ? ಸಾಲದ್ದಕ್ಕೆ ಮುಂದಿನ ವರ್ಷವೇ, 2005ರ ಜುಲೈನಲ್ಲಿ, ಎಮಿಲಿ ಎಂಬ ಇನ್ನೊಂದು ಚಂಡಮಾರುತ ಬಂತು.

ಇವಾನ್ ಆದಮೇಲೆ ಪ್ರಪಂಚದಿಂದ ನೆರವೇನೋ ಬಂತು. ಆದರೆ ಮೊದಲ ವಾರಗಳಲ್ಲಿ ಸಂಬಳ ಕೊಡಲು, ರಸ್ತೆ ತೆರವು ಮಾಡಲು, ಕರೆಂಟು ಕೊಡಲು ಸರ್ಕಾರದ ಕೈಯಲ್ಲಿ ನಗದು ಇರಬೇಕಲ್ವಾ? ಅದೇ ಇರಲಿಲ್ಲ. ಆಗ ಆ ಭಾಗದ ದೇಶಗಳು ಒಂದು ಕೆಲಸ ಮಾಡಿದವು. 2007ರಲ್ಲಿ 16 ಸರ್ಕಾರಗಳು ಸೇರಿ ಒಂದು ವಿಮಾ ನಿಧಿ ಕಟ್ಟಿಕೊಂಡವು. ಸಿಸಿಆರ್‌ಐಎಫ್ ಅಂತ ಅದರ ಹೆಸರು. ಹಲವು ದೇಶಗಳು ಸೇರಿ ಇಂಥ ನಿಧಿ ಮಾಡಿದ್ದು ಪ್ರಪಂಚದಲ್ಲಿ ಅದೇ ಮೊದಲು. ಲೆಕ್ಕ ಸರಳ. ಒಂದೇ ವರ್ಷ ಎಲ್ಲ ದ್ವೀಪಕ್ಕೂ ಬಿರುಗಾಳಿ ಹೊಡೆಯುವುದಿಲ್ಲ. ಒಬ್ಬೊಬ್ಬರೇ ವಿಮೆ ಮಾಡಿಸಹೋದರೆ ಕಂತು ಕಟ್ಟಿ ಪೂರೈಸದು, ಒಟ್ಟಿಗೆ ಹೋದರೆ ಕಡಿಮೆಗೆ ಸಿಗುತ್ತದೆ.

ಇನ್ನೊಂದು ವಿಶೇಷ ಇದೆ. ಹಾನಿ ಲೆಕ್ಕ ಹಾಕಲು ಯಾರೂ ಬಂದು ಮನೆ ಮನೆ ಸುತ್ತುವುದಿಲ್ಲ. ಗಾಳಿಯ ವೇಗ ಎಷ್ಟಿತ್ತು, ಯಾವ ದಾರಿಯಲ್ಲಿ ಹೋಯಿತು, ಭೂಕಂಪವಾದರೆ ಎಷ್ಟು ಜೋರಿತ್ತು, ಇಷ್ಟು ನೋಡಿ ಲೆಕ್ಕ ಹಾಕುತ್ತಾರೆ, 14 ದಿನದೊಳಗೆ ಹಣ ಕೊಡುತ್ತಾರೆ. ನಮ್ಮ ಹವಾಮಾನ ಆಧಾರಿತ ಬೆಳೆ ವಿಮೆ ಗೊತ್ತಲ್ಲ, ಅಡಿಕೆಗೆ ಕಾಳುಮೆಣಸಿಗೆ ಮಾಡಿಸ್ತೀವಲ್ಲ, ಪಂಚಾಯ್ತಿಯ ಮಳೆಮಾಪನ ಯಂತ್ರ ಏನು ಹೇಳುತ್ತೋ ಅದರ ಮೇಲೆ ಪರಿಹಾರ. ಅದೇ ಲೆಕ್ಕ, ದೇಶದ ಮಟ್ಟದಲ್ಲಿ.

ಬೆರಿಲ್ ಬಂದಾಗ ಈ ನಿಧಿಯಿಂದ ಗ್ರೆನಡಾಕ್ಕೆ ಸುಮಾರು 4.4 ಕೋಟಿ ಡಾಲರ್ ಬಂತು. ಇನ್ನೊಂದು ಏರ್ಪಾಡನ್ನೂ ಅವರು ಮೊದಲೇ ಮಾಡಿಟ್ಟುಕೊಂಡಿದ್ದರು. 2015ರಲ್ಲಿ ಹಳೆಯ ಸಾಲವನ್ನು ಹೊಸದಾಗಿ ಹೊಂದಿಸಿಕೊಳ್ಳುವಾಗ, ದೊಡ್ಡ ಚಂಡಮಾರುತ ಬಂದರೆ ಕಂತು ಮುಂದಕ್ಕೆ ಹಾಕಬಹುದು ಅನ್ನುವ ಷರತ್ತನ್ನು ಸಾಲಪತ್ರದಲ್ಲೇ ಬರೆಸಿದ್ದರು. 2024ರಲ್ಲಿ ಆ ಷರತ್ತನ್ನು ಬಳಸಿಕೊಂಡರು. ಮನೆ ಬಿದ್ದವನ ಹತ್ತಿರ ಆ ತಿಂಗಳೇ ಕಂತು ಕೇಳಬಾರದು ಅನ್ನುವುದನ್ನು ಸಾಲ ಕೊಟ್ಟವರಿಂದ ಕಾಗದದ ಮೇಲೆ ಒಪ್ಪಿಸಿದ ಆ ಅಧಿಕಾರಿಗಳಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಹಣದ ಮಾತು ಬಿಟ್ಟರೆ ಜನರ ವಿಷಯ. ಬಾರ್ಬಡೋಸಿನಲ್ಲಿ ಸಿಡೆಮಾ ಎಂಬ, ಈ ದೇಶಗಳೆಲ್ಲ ಸೇರಿ ಮಾಡಿಕೊಂಡ ವಿಪತ್ತು ನಿರ್ವಹಣಾ ಸಂಸ್ಥೆ ಇದೆ, 1991ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ 2009ರಲ್ಲಿ ಈ ಹೆಸರು ಪಡೆಯಿತು. ಯಾವ ದೇಶಕ್ಕೆ ಪೆಟ್ಟು ಬಿದ್ದರೆ ಯಾವ ದೇಶ ಮೊದಲು ಹೊರಡಬೇಕು ಅನ್ನುವುದು ಅಲ್ಲಿ ಮೊದಲೇ ನಿಗದಿಯಾಗಿದೆ. ಗ್ರೆನಡಾವನ್ನು ನೋಡಿಕೊಳ್ಳುವ ಹೊಣೆ ಟ್ರಿನಿಡಾಡ್‌ನದ್ದು, ಸೇಂಟ್ ವಿನ್ಸೆಂಟ್‌ದು ಬಾರ್ಬಡೋಸಿನದ್ದು. ಫೋನು ಹೋದರೂ ಕರೆಂಟು ಹೋದರೂ ಯಾರನ್ನು ಕೇಳಬೇಕು ಅಂತ ಹುಡುಕಾಡಬೇಕಾಗಿಲ್ಲ.

ಇದೆಲ್ಲ ಸರಿಯಾಗಿದೆ ಅಂತ ನಾನು ಹೇಳುತ್ತಿಲ್ಲ. ಮಳೆಮಾಪನ ಯಂತ್ರದ ಲೆಕ್ಕಕ್ಕೂ ತೋಟದಲ್ಲಿ ಬಿದ್ದ ಮಳೆಗೂ ತಾಳೆಯಾಗದೆ ಪೇಚಾಡಿದ ರೈತರಿಗೆ ಇದರ ತೊಂದರೆ ಬೇಗ ಅರ್ಥವಾಗುತ್ತದೆ. ಸೊಲೊಮನ್ ದ್ವೀಪಗಳು ಪೆಸಿಫಿಕ್‌ನ ಇಂಥದೇ ನಿಧಿಗೆ ಸೇರಿದ್ದವು. 2013ರಲ್ಲಿ ಭೂಕಂಪ ಮತ್ತು ಸುನಾಮಿ, 2014ರಲ್ಲಿ ರಾಜಧಾನಿ ಹೊನಿಯಾರಾದಲ್ಲಿ ಭಾರಿ ಪ್ರವಾಹ. ಎರಡಕ್ಕೂ ಷರತ್ತು ಕೂಡಿಬರಲಿಲ್ಲ, ಒಂದು ಕಾಸೂ ಸಿಗಲಿಲ್ಲ, ಆ ದೇಶ ನಿಧಿಯಿಂದಲೇ ಹೊರಗೆ ಬಂತು. ಜಮೈಕಾ 15 ಕೋಟಿ ಡಾಲರಿನ ವಿಪತ್ತು ಬಾಂಡ್ ಇಟ್ಟುಕೊಂಡಿತ್ತು, ಅಂದರೆ ಷರತ್ತಿನಷ್ಟು ಜೋರಾದ ಚಂಡಮಾರುತ ಬಂದರೆ ಹೂಡಿಕೆದಾರರ ಹಣ ದೇಶಕ್ಕೆ ಸಿಗುವ ಏರ್ಪಾಡು. ಚಂಡಮಾರುತ ಜೋರಾದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ; ಬೆರಿಲ್ ಬಂದಾಗ ಅದು ಷರತ್ತಿನಷ್ಟು ಕೆಳಗಿಳಿಯಲಿಲ್ಲ ಅಂತ ಏನೂ ಸಿಗಲಿಲ್ಲ. 2025ರ ಅಕ್ಟೋಬರಿನಲ್ಲಿ ಮೆಲಿಸ್ಸಾ ಬಂದಾಗ ಪೂರ್ತಿ ಸಿಕ್ಕಿತು. ಇನ್ನು ಸಿಕ್ಕಿದಾಗಲೂ ಅದು ಸಾಲದು. 2017ರಲ್ಲಿ ಮರಿಯಾ ಚಂಡಮಾರುತದಿಂದ ಡೊಮಿನಿಕಾಕ್ಕೆ ಆದ ನಷ್ಟ ಸುಮಾರು 130 ಕೋಟಿ ಡಾಲರ್, ಸಿಸಿಆರ್‌ಐಎಫ್ ಕೊಟ್ಟಿದ್ದು ಸುಮಾರು 1.9 ಕೋಟಿ. ಕಂತು ಎಷ್ಟು ಕಟ್ಟುತ್ತಾರೋ ಅಷ್ಟರ ಮೇಲೇ ಪರಿಹಾರ. ಬಡ ದೇಶ ಎಷ್ಟು ಅಂತ ಕಟ್ಟೀತು?

ನನ್ನ ಮುಖ್ಯ ಮಾತು ಇಲ್ಲೇ ಇರೋದು. ಬಿರುಗಾಳಿ ಹೋದಮೇಲೆ ಕಂಬಳಿ, ಔಷಧಿ ತುಂಬಿದ ವಿಮಾನ ಕಳಿಸುವುದು ಒಳ್ಳೆಯದೇ, ಕಳಿಸಲಿ. ಆದರೆ ಈ ದ್ವೀಪಗಳ ವಿಮೆಯ ಕಂತಿಗೆ ಮುಂಚೆಯೇ ದುಡ್ಡು ಹಾಕಿದರೆ ಅದು ಬೇಕಾದ ಹೊತ್ತಿಗೆ ಅವರ ಕೈಯಲ್ಲಿರುತ್ತದೆ, ಹೇಗೆ ಖರ್ಚು ಮಾಡಬೇಕು ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ. 2007ರಲ್ಲಿ ಈ ನಿಧಿ ನಿಲ್ಲಲು ಜಪಾನ್, ಕೆನಡಾ, ಬ್ರಿಟನ್, ಫ್ರಾನ್ಸ್, ಐರ್ಲೆಂಡ್ ಎಲ್ಲ ಹಣ ಕೊಟ್ಟವು. ಆ ಪಟ್ಟಿಯಲ್ಲಿ ನಾವಿಲ್ಲ. ಆಗ ನಮ್ಮ ಪರಿಸ್ಥಿತಿ ಬೇರೆ ಇತ್ತು ಅಂತಿಟ್ಟುಕೊಳ್ಳೋಣ, ಈಗ ಹಾಗಿಲ್ಲವಲ್ಲ. 2019ರಲ್ಲಿ ವಿಪತ್ತು ತಡೆದುಕೊಳ್ಳುವ ಮೂಲಸೌಕರ್ಯಕ್ಕಾಗಿ ಸಿಡಿಆರ್‌ಐ ಎಂಬ ಜಾಗತಿಕ ಒಕ್ಕೂಟವನ್ನು ಶುರು ಮಾಡಿದ್ದು ಭಾರತವೇ, ಕಚೇರಿ ದೆಹಲಿಯಲ್ಲೇ ಇದೆ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ದ್ವೀಪ ರಾಷ್ಟ್ರಗಳಿಗೆಂದೇ ಇಂಥ ಮೂಲಸೌಕರ್ಯದ ಐರಿಸ್ ಎಂಬ ಯೋಜನೆಯನ್ನು ಪ್ರಧಾನಿ ಮೋದಿಯವರು ಘೋಷಿಸಿದರು. 2024ರ ನವೆಂಬರಿನಲ್ಲಿ ಗಯಾನಾದಲ್ಲಿ ಕ್ಯಾರಿಬಿಯನ್ ದೇಶಗಳ ಜೊತೆ ಶೃಂಗಸಭೆಯೂ ಆಯಿತು, ಜೊತೆಗೆ ಕೂತು ಅಧ್ಯಕ್ಷತೆ ವಹಿಸಿದ್ದು ಇದೇ ಗ್ರೆನಡಾದ ಪ್ರಧಾನಿ. ಇಷ್ಟು ದೂರ ಬಂದಿದ್ದೇವೆ, ಇನ್ನೊಂದು ಹೆಜ್ಜೆ ಇಡೋಣ.

ಮಾಡೋಕೆ ಸಣ್ಣ ಕೆಲಸಗಳೂ ಇವೆ. ಆ ದ್ವೀಪಗಳಲ್ಲಿ ಬಿರುಗಾಳಿಗೆ ಮೊದಲು ಹಾರೋದು ಚಾವಣಿಯ ಶೀಟು. ಪಕಾಸಿಯನ್ನು ಗೋಡೆಗೆ ಬಿಗಿದು ಹಿಡಿಯುವ ಒಂದು ಲೋಹದ ಪಟ್ಟಿ ಇದೆ, ಅಂಥ ದುಬಾರಿಯದ್ದೇನಲ್ಲ, ಕಟ್ಟುವಾಗಲೇ ಹಾಕಿದರೆ ಚಾವಣಿ ಉಳಿಯುವ ಸಂಭವ ಎಷ್ಟೋ ಜಾಸ್ತಿ. ಅದನ್ನು ಸರಿಯಾಗಿ ಹಾಕಬಲ್ಲ ಬಡಗಿಗಳನ್ನು ತಯಾರು ಮಾಡುವುದಕ್ಕೆ ನಮ್ಮ ಐಟಿಐಗಳು, ಇಂಜಿನಿಯರಿಂಗ್ ಕಾಲೇಜುಗಳು ಕೈಜೋಡಿಸಬಹುದು.

ಅಲ್ಲಿ ಚಂಡಮಾರುತದ ಕಾಲ ಪ್ರತಿ ವರ್ಷ ಜೂನ್ 1ಕ್ಕೆ ಶುರು, ನವೆಂಬರ್ 30ರವರೆಗೆ. ಸಿಸಿಆರ್‌ಐಎಫ್‌ನ ವಿಮೆ ವರ್ಷವೂ ಶುರುವಾಗೋದು ಜೂನ್ 1ಕ್ಕೇ. ಹಾಗಾಗಿ ಕಂತಿಗೆ ಸಹಾಯ ಮಾಡುವುದಿದ್ದರೆ ಅದರ ಮಾತು ಬಜೆಟ್ ಹೊತ್ತಿಗೇ ಬರಬೇಕು. ನಮ್ಮ ಸಂಸದರು ಅಧಿವೇಶನದಲ್ಲಿ ಇದನ್ನು ಕೇಳಲಿ. ನೀವೂ ಆ ಹೊತ್ತಿಗೆ ಒಂದು ವರದಿ ಮಾಡಿಸಿ: ಐರಿಸ್ ಯೋಜನೆಯಲ್ಲಿ ಇಲ್ಲಿಯವರೆಗೆ ಯಾವ ದ್ವೀಪದಲ್ಲಿ ಏನು ಕೆಲಸ ಆಗಿದೆ, ಎಷ್ಟು ಹಣ ಹೋಗಿದೆ, ಕ್ಯಾರಿಯಾಕೂದಲ್ಲಿ ಎಷ್ಟು ಮನೆಗಳಿಗೆ ಮತ್ತೆ ಚಾವಣಿ ಬಂದಿದೆ.

ಇಂತಿ,
ಶಿರಸಿ ಕಡೆಯ ಒಬ್ಬ ಅಡಿಕೆ ಬೆಳೆಗಾರ